3 ಎಂಬಿ ಫೋಟೋಗೆ 48 ಎಂಬಿ ಮೆಮೊರಿ: ಆಂಡ್ರಾಯ್ಡ್ ಆ್ಯಪ್‌ನಲ್ಲಿ ಚಿತ್ರ ಡಿಕೋಡ್ ಮಾಡುವ ಕ್ರಮ

"ಆ್ಯಪ್ ತಂತಾನೇ ಮುಚ್ಚಿಕೊಳ್ತದೆ ಮಾರಾಯ್ರೇ. ಹತ್ತು ಹನ್ನೆರಡು ಫೋಟೋ ತನಕ ಸರಿ ಇರ್ತದೆ, ಆಮೇಲೆ ಹೋಯ್ತು."

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಫೋನ್ ಮಾಡಿ ಹೇಳಿದ ಮಾತು ಇದು. ತೋಟದ ರೋಗದ ಫೋಟೋ ತೆಗೆದು ಕಳಿಸಿ ಸಲಹೆ ಕೇಳುವ ಸಣ್ಣ ಆ್ಯಪ್ ಅದು, ನಾನು ಬರೆದದ್ದು. ಮಳೆಗಾಲ, ಕೊಳೆರೋಗದ ಹೊತ್ತು. ಆಗಲೇ ಫೋಟೋ ಕಳಿಸಲು ಆಗದಿದ್ದರೆ ಆ ಆ್ಯಪ್ ಇದ್ದು ಏನು ಪ್ರಯೋಜನ? ನನ್ನ ಫೋನಿನಲ್ಲಿ ಎಲ್ಲ ಸರಿಯಾಗಿಯೇ ಓಡುತ್ತಿತ್ತು. ನನ್ನದು 8 ಜಿಬಿ ರ‍್ಯಾಮ್, ಅವರದು 2 ಜಿಬಿ. ಕ್ರ್ಯಾಶ್ ವರದಿ ತೆಗೆದು ನೋಡಿದೆ. ಅವರ ಫೋನಿನಿಂದ ಒಂದೂ ವರದಿ ಬಂದಿರಲಿಲ್ಲ.

ಆ ದಿನದಿಂದ ಇವತ್ತಿನವರೆಗೆ ಚಿತ್ರ ಮತ್ತು ಮೆಮೊರಿ ಬಗ್ಗೆ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಉದಾಹರಣೆಗಳೆಲ್ಲ ಆಂಡ್ರಾಯ್ಡ್ ಮತ್ತು ಕೋಟ್ಲಿನ್‌ಗೆ ಸೇರಿದವು. ಕೊನೆಗೆ ಫ್ಲಟರ್ ಮತ್ತು ಐಫೋನ್ ಬಗ್ಗೆ ನಾಲ್ಕು ಮಾತು ಇದೆ. ಕ್ಲಾಸ್ ಮತ್ತು ಫಂಕ್ಷನ್ ಹೆಸರುಗಳನ್ನು ಉಚ್ಚಾರದಂತೆ ಬರೆದಿದ್ದೇನೆ, ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಮೊದಲ ನಾಲ್ಕಕ್ಷರ ಒತ್ತಿದರೆ ಉಳಿದದ್ದು ತಾನೇ ಬರುತ್ತದೆ.

ಕೋಡ್‌ಗೆ ಮುಂಚೆ ಒಂದು ಲೆಕ್ಕ

ಗ್ಯಾಲರಿಯಲ್ಲಿ ಒಂದು ಫೋಟೋ 3 ಎಂಬಿ ಎಂದು ತೋರಿಸುತ್ತದೆ. ಅದು ಜೆಪಿಇಜಿ ಆಗಿ ಒತ್ತಿ ಮಡಚಿಟ್ಟ ಫೈಲ್‌ನ ಗಾತ್ರ. ಸ್ಕ್ರೀನ್ ಮೇಲೆ ತೋರಿಸಬೇಕಾದರೆ ಅದನ್ನು ಬಿಡಿಸಿ ಒಂದೊಂದು ಪಿಕ್ಸೆಲ್ ಆಗಿ ಮೆಮೊರಿಯಲ್ಲಿ ಇಡಬೇಕು. ಇದೇ ಡಿಕೋಡ್, ಹೀಗೆ ಬಿಡಿಸಿಟ್ಟ ಚಿತ್ರವೇ ಬಿಟ್‌ಮ್ಯಾಪ್. ಅಕ್ಕಿ ಸಂಡಿಗೆ ಡಬ್ಬದಲ್ಲಿದ್ದಾಗ ಒಂದು ಹಿಡಿ, ಎಣ್ಣೆಗೆ ಬಿಟ್ಟರೆ ಬಾಣಲೆ ತುಂಬ. ಹಾಗೆಯೇ ಇದೂ.

ಲೆಕ್ಕ ಸುಲಭ. ಅಗಲ ಗುಣಿಸು ಎತ್ತರ ಗುಣಿಸು ಪಿಕ್ಸೆಲ್‌ಗೆ ಎಷ್ಟು ಬೈಟ್. ಸಾಮಾನ್ಯವಾಗಿ ಒಂದು ಪಿಕ್ಸೆಲ್‌ಗೆ 4 ಬೈಟ್. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ 4000 × 3000 ಇದ್ದರೆ 1 ಕೋಟಿ 20 ಲಕ್ಷ ಪಿಕ್ಸೆಲ್. ಅಂದರೆ 4 ಕೋಟಿ 80 ಲಕ್ಷ ಬೈಟ್, ಹತ್ತಿರ ಹತ್ತಿರ 48 ಎಂಬಿ. ಒಂದೇ ಫೋಟೋಗೆ!

ಇಲ್ಲಿ ತುಂಬ ಜನ ಒಂದು ತಪ್ಪು ಮಾಡುತ್ತಾರೆ. ಮೆಮೊರಿ ಜಾಸ್ತಿ ಆಯ್ತು ಎಂದು ಫೈಲ್ ಅನ್ನು ವೆಬ್‌ಪಿಗೆ ಬದಲಿಸುತ್ತಾರೆ, ಇಲ್ಲವೇ ಜೆಪಿಇಜಿ ಕ್ವಾಲಿಟಿ 90ರಿಂದ 60ಕ್ಕೆ ಇಳಿಸುತ್ತಾರೆ. ಡೌನ್‌ಲೋಡ್ ಬೇಗ ಆಗುತ್ತದೆ, ಡೇಟಾ ಉಳಿಯುತ್ತದೆ, ಅದು ಒಳ್ಳೆಯದೇ. ಆದರೆ ಅಗಲ ಎತ್ತರ ಅಷ್ಟೇ ಇದ್ದರೆ ಮೆಮೊರಿಯಲ್ಲಿ ಅದು ಅದೇ 48 ಎಂಬಿ. ಫೋಟೋವನ್ನು ಯಾವ ಚೌಕದಲ್ಲಿ ತೋರಿಸುತ್ತೀರೋ ಆ ಚೌಕದ ಗಾತ್ರಕ್ಕೆ ಡಿಕೋಡ್ ಮಾಡಿ. ಈ ಲೇಖನದಲ್ಲಿ ನಾನು ಹೇಳಬೇಕಾದದ್ದು ಮುಖ್ಯವಾಗಿ ಇದೊಂದೇ. ಉಳಿದದ್ದೆಲ್ಲ ಇದನ್ನು ಮಾಡುವ ಬಗೆ.

ಹೆಜ್ಜೆ 1: ಅಳೆಯಿರಿ

ಊಹೆಯಿಂದ ಕೋಡ್ ತಿದ್ದಬೇಡಿ. ಫೋನನ್ನು ಕೇಬಲ್‌ನಲ್ಲಿ ಜೋಡಿಸಿ, ಎಡಿಬಿ (ಕಂಪ್ಯೂಟರ್‌ನಿಂದ ಫೋನಿಗೆ ಆಜ್ಞೆ ಕೊಡುವ ಸಾಧನ) ಶೆಲ್‌ನಲ್ಲಿ ಡಂಪ್‌ಸಿಸ್ ಮೆಮ್‌ಇನ್ಫೋ ಎಂದು ಕೊಟ್ಟು ಮುಂದೆ ನಿಮ್ಮ ಆ್ಯಪ್‌ನ ಪ್ಯಾಕೇಜ್ ಹೆಸರು ಹಾಕಿ. ದೊಡ್ಡ ಪಟ್ಟಿ ಬರುತ್ತದೆ. ಅದರಲ್ಲಿ ಆ್ಯಪ್ ಸಮ್ಮರಿ ಎಂಬ ಭಾಗ ಸಾಕು. ಜಾವಾ ಹೀಪ್, ನೇಟಿವ್ ಹೀಪ್, ಗ್ರಾಫಿಕ್ಸ್ ಎಂಬ ಮೂರು ಸಾಲು ನೋಡಿ. ಹೀಪ್ ಎಂದರೆ ಆ್ಯಪ್ ಓಡುವಾಗ ಬಳಸುವ ಮೆಮೊರಿಯ ಜಾಗ. ಅಂಕಿಗಳು ಕೆಬಿಯಲ್ಲಿ ಇರುತ್ತವೆ. ಆ್ಯಪ್ ತೆರೆದ ಕೂಡಲೇ ಒಮ್ಮೆ, ಫೋಟೋ ಪಟ್ಟಿಯನ್ನು ಕೆಳಗಿನವರೆಗೆ ಸ್ಕ್ರೋಲ್ ಮಾಡಿ ಇನ್ನೊಮ್ಮೆ ಬರೆದಿಟ್ಟುಕೊಳ್ಳಿ.

ಮೂರೂ ಸಾಲು ಯಾಕೆ ನೋಡಬೇಕು? ಬಿಟ್‌ಮ್ಯಾಪ್‌ನ ಪಿಕ್ಸೆಲ್‌ಗಳು ಎಲ್ಲಿ ಕೂರುತ್ತವೆ ಎಂಬುದು ಆಂಡ್ರಾಯ್ಡ್ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿದೆ. 3.0ರಿಂದ 7.1ರವರೆಗೆ ಅವು ಜಾವಾ ಹೀಪ್‌ನಲ್ಲೇ ಇದ್ದವು. ಹೀಪ್‌ಗೆ ಒಂದು ಮಿತಿ ಇರುತ್ತದೆ, ಮೀರಿದರೆ ಔಟ್‌ಆಫ್‌ಮೆಮೊರಿ ಎರರ್ ಬಂದು ಆ್ಯಪ್ ಕ್ರ್ಯಾಶ್ ಆಗುತ್ತಿತ್ತು. 2017ರಲ್ಲಿ ಬಂದ ಆಂಡ್ರಾಯ್ಡ್ 8.0ರಿಂದ ಪಿಕ್ಸೆಲ್‌ಗಳು ನೇಟಿವ್ ಹೀಪ್‌ಗೆ ಹೋದವು. ಈಗ ಆ ಮಿತಿ ಅಷ್ಟು ಬೇಗ ತಾಗುವುದಿಲ್ಲ. ಹಾಗಂತ ಖುಷಿ ಪಡಬೇಡಿ. ಫೋನಿನ ಒಟ್ಟು ಮೆಮೊರಿಯೇ ಮುಗಿಯುತ್ತಾ ಬಂದರೆ ಸಿಸ್ಟಮ್ ನಿಮ್ಮ ಆ್ಯಪ್ ಅನ್ನೇ ನಿಲ್ಲಿಸಿಬಿಡುತ್ತದೆ. ಎಕ್ಸೆಪ್ಶನ್ ಇಲ್ಲ, ಸ್ಟ್ಯಾಕ್ ಟ್ರೇಸ್ ಇಲ್ಲ. ಆ ಬೆಳೆಗಾರರ ಫೋನಿನಿಂದ ನನಗೆ ಒಂದೂ ವರದಿ ಬಾರದೇ ಇದ್ದದ್ದು ಇದಕ್ಕೇ.

ಇದನ್ನು ಹಿಡಿಯಲು ಆಂಡ್ರಾಯ್ಡ್ 11ರಿಂದ ಒಂದು ದಾರಿ ಇದೆ. ಆ್ಯಕ್ಟಿವಿಟಿಮ್ಯಾನೇಜರ್‌ನಲ್ಲಿ ಗೆಟ್‌ಹಿಸ್ಟಾರಿಕಲ್‌ಪ್ರೊಸೆಸ್‌ಎಕ್ಸಿಟ್‌ರೀಸನ್ಸ್ ಎಂಬ ಫಂಕ್ಷನ್. ಆ್ಯಪ್ ಮತ್ತೆ ತೆರೆದಾಗ ಅದನ್ನು ಕರೆದರೆ, ಹಿಂದಿನ ಸಲ ಆ್ಯಪ್ ಯಾಕೆ ಸತ್ತಿತು ಎಂದು ಹೇಳುತ್ತದೆ. ಕಾರಣ ರೀಸನ್ ಲೋ ಮೆಮೊರಿ ಎಂದಿದ್ದರೆ ಅನುಮಾನವೇ ಬೇಡ. ಕೆಲವು ಫೋನ್‌ಗಳು ಈ ಕಾರಣ ಕೊಡುವುದಿಲ್ಲ, ಅಲ್ಲಿ ರೀಸನ್ ಸಿಗ್ನಲ್ಡ್ ಎಂದೂ ಸಿಗ್ನಲ್ 9 ಎಂದೂ ಬರುತ್ತದೆ. ಎರಡನ್ನೂ ನಿಮ್ಮ ಸರ್ವರ್‌ಗೆ ಕಳಿಸಿಕೊಳ್ಳಿ. ನಾನು ಇದನ್ನು ಹಾಕಿದ ಮೇಲೆ, ಆ್ಯಪ್ ಸದ್ದಿಲ್ಲದೆ ನಿಂತುಹೋಗುತ್ತಿದ್ದ ಇನ್ನೂ ಎಷ್ಟೋ ಫೋನ್‌ಗಳು ಕಣ್ಣಿಗೆ ಬಿದ್ದವು. ಅವರೆಲ್ಲ ನನಗೆ ಫೋನ್ ಮಾಡಿರಲಿಲ್ಲ, ಅಷ್ಟೇ.

ಹೆಜ್ಜೆ 2: ಎರಡು ಸುತ್ತಿನ ಡಿಕೋಡ್

ಬಿಟ್‌ಮ್ಯಾಪ್‌ಫ್ಯಾಕ್ಟರಿ ಹಳೆಯದು, ಆದರೆ ಎಲ್ಲ ಆವೃತ್ತಿಯಲ್ಲೂ ನಡೆಯುತ್ತದೆ. ಇದನ್ನು ಕೈಯಿಂದ ಒಮ್ಮೆಯಾದರೂ ಮಾಡಿ ನೋಡಿ. ಮುಂದೆ ಲೈಬ್ರರಿ ಬಳಸಿದಾಗ ಒಳಗೆ ಏನು ನಡೆಯುತ್ತಿದೆ ಎಂದು ಗೊತ್ತಿರುತ್ತದೆ.

ಮೊದಲ ಸುತ್ತಿನಲ್ಲಿ ಆಪ್ಷನ್ಸ್ ಆಬ್ಜೆಕ್ಟ್ ಮಾಡಿ, ಇನ್‌ಜಸ್ಟ್‌ಡಿಕೋಡ್‌ಬೌಂಡ್ಸ್ ಅನ್ನು ಟ್ರೂ ಮಾಡಿ ಡಿಕೋಡ್ ಕರೆಯಿರಿ. ಬಿಟ್‌ಮ್ಯಾಪ್ ಬರುವುದಿಲ್ಲ, ನಲ್ ಬರುತ್ತದೆ. ಅದು ಸರಿಯೇ. ಪಿಕ್ಸೆಲ್ ಮುಟ್ಟದೆ ಫೈಲ್‌ನ ತಲೆಭಾಗ ಮಾತ್ರ ಓದಿ ಔಟ್‌ವಿಡ್ತ್, ಔಟ್‌ಹೈಟ್ ತುಂಬಿಕೊಡುತ್ತದೆ. ಈಗ ನಿಮಗೆ ಗೊತ್ತು, ಫೋಟೋ 4000 × 3000.

ಎರಡನೇ ಸುತ್ತಿಗೆ ಇನ್‌ಸ್ಯಾಂಪಲ್‌ಸೈಜ್ ಲೆಕ್ಕ ಹಾಕಿ. ಸ್ಕ್ರೀನ್ ಅಗಲ 1080 ಪಿಕ್ಸೆಲ್, ಸಾಲಿಗೆ ಮೂರು ಫೋಟೋ, ಆದ್ದರಿಂದ ಒಂದು ಚೌಕ 360 ಪಿಕ್ಸೆಲ್. 1ರಿಂದ ಶುರು ಮಾಡಿ, ದುಪ್ಪಟ್ಟು ಮಾಡುತ್ತಾ ಹೋಗಿ. ಫೋಟೋದ ಚಿಕ್ಕ ಬದಿಯನ್ನು ಅದರಿಂದ ಭಾಗಿಸಿದರೂ 360ಕ್ಕಿಂತ ಕಡಿಮೆ ಆಗಬಾರದು. 3000ವನ್ನು 2ರಿಂದ ಭಾಗಿಸಿದರೆ 1500, 4ರಿಂದ 750, 8ರಿಂದ 375. 16ರಿಂದ ಭಾಗಿಸಿದರೆ 187, ಅದು ಚಿಕ್ಕದಾಯಿತು. ಹಾಗಾದರೆ 8. ಇನ್‌ಜಸ್ಟ್‌ಡಿಕೋಡ್‌ಬೌಂಡ್ಸ್ ಅನ್ನು ಮತ್ತೆ ಫಾಲ್ಸ್ ಮಾಡಿ ಡಿಕೋಡ್ ಮಾಡಿದರೆ 500 × 375ರ ಬಿಟ್‌ಮ್ಯಾಪ್ ಬರುತ್ತದೆ. 1,87,500 ಪಿಕ್ಸೆಲ್, 7,50,000 ಬೈಟ್. ಮುಕ್ಕಾಲು ಎಂಬಿ.

48 ಎಂಬಿ ಇದ್ದದ್ದು ಮುಕ್ಕಾಲು ಎಂಬಿ. 64ರಲ್ಲಿ ಒಂದು ಪಾಲು. ಸ್ಕ್ರೀನ್ ಮೇಲೆ ಒಮ್ಮೆಗೆ 15 ಫೋಟೋ ಕಂಡರೆ ಮೊದಲು 720 ಎಂಬಿ ಬೇಕಿತ್ತು, ಈಗ 12 ಎಂಬಿಯೂ ಬೇಡ. ನೋಡುವವರಿಗೆ ಗುಣಮಟ್ಟದಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ, ಯಾಕೆಂದರೆ 360 ಪಿಕ್ಸೆಲ್ ಚೌಕದಲ್ಲಿ 4000 ಪಿಕ್ಸೆಲ್ ತೋರಿಸಲು ಜಾಗವೇ ಇಲ್ಲ.

ಮೂರು ಕಡೆ ಕಾಲು ಜಾರುತ್ತದೆ. ಒಂದು, ಇನ್‌ಸ್ಯಾಂಪಲ್‌ಸೈಜ್ ಯಾವಾಗಲೂ ಎರಡರ ಘಾತದಲ್ಲೇ ನಡೆಯುತ್ತದೆ. 6 ಎಂದು ಕೊಟ್ಟರೆ ಕೆಳಕ್ಕೆ ಇಳಿಸಿ 4 ಎಂದು ತೆಗೆದುಕೊಳ್ಳುತ್ತದೆ, ನೀವು ಅಂದುಕೊಂಡದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಮೆಮೊರಿ ಹೋಗುತ್ತದೆ. ಎರಡು, ಇನ್‌ಪುಟ್‌ಸ್ಟ್ರೀಮ್‌ನಿಂದ ಓದುತ್ತಿದ್ದರೆ ಮೊದಲ ಸುತ್ತಿನಲ್ಲೇ ಸ್ಟ್ರೀಮ್ ಮುಂದೆ ಹೋಗಿರುತ್ತದೆ. ಅದೇ ಸ್ಟ್ರೀಮ್ ಅನ್ನು ಎರಡನೇ ಸುತ್ತಿಗೆ ಕೊಟ್ಟರೆ ನಲ್ ಬರುತ್ತದೆ. ಕಂಟೆಂಟ್‌ರಿಸಾಲ್ವರ್‌ನಿಂದ ಸ್ಟ್ರೀಮ್ ಅನ್ನು ಮತ್ತೊಮ್ಮೆ ತೆರೆಯಿರಿ. ಇದಕ್ಕೆ ನಾನು ಒಂದು ಇಡೀ ಸಂಜೆ ಕೊಟ್ಟಿದ್ದೇನೆ, ನೀವು ಕೊಡಬೇಡಿ. ಮೂರು, ಡಿಕೋಡ್ ಕೆಲಸ ಸ್ಕ್ರೀನ್ ನೋಡಿಕೊಳ್ಳುವ ಮೇನ್ ಥ್ರೆಡ್‌ನಲ್ಲಿ ಬೇಡ. 60 ಹರ್ಟ್ಸ್ ಸ್ಕ್ರೀನ್‌ನಲ್ಲಿ ಒಂದು ಫ್ರೇಮ್‌ಗೆ ಸಿಗುವುದು 16 ಮಿಲಿಸೆಕೆಂಡ್. ದೊಡ್ಡ ಫೋಟೋ ಅಷ್ಟರಲ್ಲಿ ಮುಗಿಯುವುದಿಲ್ಲ, ಸ್ಕ್ರೋಲ್ ಎಳೆಯುತ್ತದೆ. ಕೊರೂಟಿನ್‌ನಲ್ಲಿ ಹಾಕಿ, ಆದರೆ ಒಮ್ಮೆಗೆ ಎರಡು ಮೂರಕ್ಕಿಂತ ಜಾಸ್ತಿ ಡಿಕೋಡ್ ಓಡದಂತೆ ಡಿಸ್ಪ್ಯಾಚರ್‌ಗೆ ಲಿಮಿಟೆಡ್‌ಪ್ಯಾರಲಲಿಸಂ ಕಟ್ಟಿ. ಹತ್ತು ಡಿಕೋಡ್ ಒಟ್ಟಿಗೆ ಓಡಿದರೆ ಮೆಮೊರಿ ಒಂದು ಕ್ಷಣ ಬೆಟ್ಟದ ಹಾಗೆ ಏರುತ್ತದೆ, 2 ಜಿಬಿ ಫೋನಿಗೆ ಆ ಒಂದು ಕ್ಷಣವೇ ಸಾಕು.

ಹೆಜ್ಜೆ 3: ಆಂಡ್ರಾಯ್ಡ್ 9ರಿಂದ ಮುಂದೆ ಇಮೇಜ್‌ಡಿಕೋಡರ್

ಎಪಿಐ 28ರಲ್ಲಿ ಬಂದ ಇಮೇಜ್‌ಡಿಕೋಡರ್ ಈ ಕೆಲಸವನ್ನು ಹಗುರ ಮಾಡಿತು. ಸೋರ್ಸ್ ಮಾಡಿ, ಡಿಕೋಡ್‌ಬಿಟ್‌ಮ್ಯಾಪ್ ಕರೆದು, ಅದಕ್ಕೆ ಒಂದು ಲಿಸನರ್ ಕೊಟ್ಟರೆ ಆಯಿತು. ಫೈಲ್‌ನ ತಲೆಭಾಗ ಓದಿದ ಕೂಡಲೇ ಲಿಸನರ್‌ಗೆ ಕರೆ ಬರುತ್ತದೆ. ಅಲ್ಲಿ ಫೋಟೋದ ಅಳತೆ ನೋಡಿ ಸೆಟ್‌ಟಾರ್ಗೆಟ್‌ಸೈಜ್ ಹೇಳಿಬಿಡಿ. ಎರಡು ಸುತ್ತು ಬೇಡ, ಎರಡರ ಘಾತದ ಕಟ್ಟುಪಾಡೂ ಇಲ್ಲ. 480 × 360 ಬೇಕೆಂದರೆ ಸರಿಯಾಗಿ ಅಷ್ಟೇ ಬರುತ್ತದೆ. ಅಗಲ ಎತ್ತರದ ಅನುಪಾತ ಮಾತ್ರ ನೀವೇ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಚಿತ್ರ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ.

ಇನ್ನೊಂದು ಲಾಭ, ಫೋಟೋ ಫೈಲ್ ಒಳಗೇ ಬರೆದಿಟ್ಟ ಮಾಹಿತಿ, ಅಂದರೆ ಎಕ್ಸಿಫ್‌ನಲ್ಲಿರುವ ತಿರುವನ್ನು ಇದು ತಾನೇ ಸರಿ ಮಾಡುತ್ತದೆ. ಬಿಟ್‌ಮ್ಯಾಪ್‌ಫ್ಯಾಕ್ಟರಿ ಮಾಡುವುದಿಲ್ಲ. ಅಲ್ಲಿ ಎಕ್ಸಿಫ್‌ಇಂಟರ್‌ಫೇಸ್‌ನಿಂದ ತಿರುವು ಓದಿ, ಮ್ಯಾಟ್ರಿಕ್ಸ್ ಹಾಕಿ, ಹೊಸ ಬಿಟ್‌ಮ್ಯಾಪ್ ಮಾಡಬೇಕು. ಆ ಹೊತ್ತಿಗೆ ಹಳೆಯದೂ ಹೊಸದೂ ಎರಡೂ ಮೆಮೊರಿಯಲ್ಲಿರುತ್ತವೆ. ಪೂರ್ತಿ ಗಾತ್ರದಲ್ಲಿ ತಿರುಗಿಸಿದರೆ 48ಕ್ಕೆ 96 ಎಂಬಿ. ಆದ್ದರಿಂದ ಹಳೆಯ ದಾರಿಯಲ್ಲಿ ಹೋಗುವಾಗ ಮೊದಲು ಚಿಕ್ಕದು ಮಾಡಿ, ಆಮೇಲೆ ತಿರುಗಿಸಿ.

ಇಮೇಜ್‌ಡಿಕೋಡರ್ ಸಾಮಾನ್ಯವಾಗಿ ಕೊಡುವುದು ಹಾರ್ಡ್‌ವೇರ್ ಬಿಟ್‌ಮ್ಯಾಪ್. ಪಿಕ್ಸೆಲ್‌ಗಳು ಗ್ರಾಫಿಕ್ಸ್ ಮೆಮೊರಿಯಲ್ಲಿ ಮಾತ್ರ ಇರುತ್ತವೆ. ಸುಮ್ನೆ ತೋರಿಸುವುದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ, ಚಿತ್ರವನ್ನು ಮತ್ತೆ ನಕಲು ಮಾಡುವ ಕೆಲಸ ತಪ್ಪುತ್ತದೆ. ಆದರೆ ಅದರ ಮೇಲೆ ಬರೆಯಲು ಆಗುವುದಿಲ್ಲ, ಗೆಟ್‌ಪಿಕ್ಸೆಲ್ ಕರೆಯಲೂ ಆಗುವುದಿಲ್ಲ. ನಮ್ಮ ಆ್ಯಪ್‌ನಲ್ಲಿ ಫೋಟೋದ ಮೂಲೆಯಲ್ಲಿ ದಿನಾಂಕ ಬರೆಯುವ ಜಾಗ ಒಂದಿತ್ತು. ಇಮೇಜ್‌ಡಿಕೋಡರ್‌ಗೆ ಬದಲಾದ ದಿನವೇ ಅದು ಎಕ್ಸೆಪ್ಶನ್ ಎಸೆಯಿತು. ಹೀಗೆ ಬರೆಯಬೇಕಾದ ಕಡೆ ಲಿಸನರ್‌ನಲ್ಲೇ ಸೆಟ್‌ಮ್ಯೂಟಬಲ್‌ರಿಕ್ವೈರ್ಡ್ ಟ್ರೂ ಮಾಡಿ. ಓದುವುದು ಮಾತ್ರ ಸಾಕಿದ್ದರೆ ಅಲೊಕೇಟರ್ ಸಾಫ್ಟ್‌ವೇರ್ ಎಂದು ಹೇಳಿ. ಉಳಿದ ಕಡೆ ಮುಟ್ಟಬೇಡಿ.

ಹೆಜ್ಜೆ 4: ಪಿಕ್ಸೆಲ್‌ಗೆ ಎಷ್ಟು ಬೈಟ್

ಎಆರ್‌ಜಿಬಿ 8888 ಎಂದರೆ 4 ಬೈಟ್. ಆರ್‌ಜಿಬಿ 565 ಎಂದರೆ 2 ಬೈಟ್. ಆರ್‌ಜಿಬಿಎ ಎಫ್16 ಎಂದರೆ 8 ಬೈಟ್. ಇನ್‌ಪ್ರಿಫರ್ಡ್‌ಕಾನ್ಫಿಗ್ ಅನ್ನು 565 ಮಾಡಿದರೆ ಅರ್ಧ ಮೆಮೊರಿ ಉಳಿಯುತ್ತದೆ ಎಂದು ಎಲ್ಲ ಕಡೆ ಬರೆದಿರುತ್ತಾರೆ. ನಿಜ. ಆದರೆ ನನ್ನ ಅಭಿಪ್ರಾಯದಲ್ಲಿ ಇದು ಕೊನೆಗೆ ತೆಗೆಯಬೇಕಾದ ಅಸ್ತ್ರ. ಅಳತೆ ಸರಿ ಮಾಡಿದರೆ 64 ಪಟ್ಟು ಉಳಿಯುವಲ್ಲಿ, ಬಣ್ಣ ಕಳೆದುಕೊಂಡು 2 ಪಟ್ಟು ಉಳಿಸುವುದಕ್ಕೆ ಅವಸರ ಯಾಕೆ?

565ರಲ್ಲಿ ಕೆಂಪಿಗೆ 5 ಬಿಟ್, ಹಸಿರಿಗೆ 6, ನೀಲಿಗೆ 5. ಪಾರದರ್ಶಕತೆಗೆ ಜಾಗವೇ ಇಲ್ಲ, ಆದ್ದರಿಂದ ಲೋಗೋ ಐಕಾನ್‌ಗಳಿಗೆ ಇದು ಆಗದು. ಆಕಾಶ ಇರುವ ಫೋಟೋದಲ್ಲಿ ಬಣ್ಣ ಪಟ್ಟಿ ಪಟ್ಟಿಯಾಗಿ ಒಡೆದು ಕಾಣುತ್ತದೆ. ನಮ್ಮ ಮಟ್ಟಿಗೆ ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಕೊಳೆರೋಗ ಶುರುವಾಗುವಾಗ ಎಳೆ ಅಡಿಕೆಯ ತೊಟ್ಟಿನ ಹತ್ತಿರ ನೀರು ಹತ್ತಿದಂಥ ಕಲೆ ಏಳುತ್ತದೆ. ಹಸಿರಿನ ಮೇಲೆ ಒಂದು ಛಾಯೆ ಕಪ್ಪಾದ ಹಸಿರು. ಫೋಟೋ ನೋಡಿ ಸಲಹೆ ಕೊಡುವವರಿಗೆ ಆ ಛಾಯೆಯೇ ಮುಖ್ಯ. ಅದನ್ನು ಮೆಮೊರಿ ಉಳಿಸುವ ಹೆಸರಿನಲ್ಲಿ ಅಳಿಸಿದರೆ ಆ್ಯಪ್ ಮಾಡಿದ್ದು ಯಾಕೆ? ಹಾಗಾಗಿ ಪಟ್ಟಿಯ ಚಿಕ್ಕ ಚೌಕಗಳಿಗೆ ಮಾತ್ರ, ಅದೂ ಈಸ್‌ಲೋರ‍್ಯಾಮ್‌ಡಿವೈಸ್ ಟ್ರೂ ಎಂದು ಬಂದ ಫೋನ್‌ಗಳಲ್ಲಿ ಮಾತ್ರ 565 ಇಟ್ಟೆ. ದೊಡ್ಡದು ಮಾಡಿ ನೋಡುವ ಪುಟದಲ್ಲಿ ಯಾವ ಫೋನಿನಲ್ಲೂ ಇಲ್ಲ.

ಹೆಜ್ಜೆ 5: ಡ್ರಾಯಬಲ್ ಫೋಲ್ಡರ್ ತಪಾಸಣೆ

ಇದು ಕ್ಯಾಮೆರಾ ಫೋಟೋಗೆ ಸಂಬಂಧವಿಲ್ಲ, ಆ್ಯಪ್ ಒಳಗೇ ಇಡುವ ಚಿತ್ರಗಳದ್ದು. ಡಿಸೈನ್ ಮಾಡುವವರು 1080 × 1920 ಅಳತೆಯ ಒಂದು ಹಿನ್ನೆಲೆ ಚಿತ್ರ ಕೊಟ್ಟರು ಎಂದುಕೊಳ್ಳಿ. ನೀವು ಅದನ್ನು ಡ್ರಾಯಬಲ್ ಎಂಬ ಬರೀ ಫೋಲ್ಡರ್‌ಗೆ ಹಾಕಿದಿರಿ. ಆ ಫೋಲ್ಡರ್‌ನಲ್ಲಿರುವ ಚಿತ್ರವನ್ನು ಸಿಸ್ಟಮ್ ಎಂಡಿಪಿಐ, ಅಂದರೆ 1 ಪಟ್ಟಿನ ಸ್ಕ್ರೀನ್ ಸಾಂದ್ರತೆಯದು ಎಂದು ಎಣಿಸುತ್ತದೆ. 3 ಪಟ್ಟಿನ ಎಕ್ಸ್‌ಎಕ್ಸ್‌ಎಚ್‌ಡಿಪಿಐ ಫೋನಿನಲ್ಲಿ ಡಿಕೋಡ್‌ರಿಸೋರ್ಸ್ ಕರೆದರೆ ಅಗಲವೂ ಮೂರು ಪಟ್ಟು, ಎತ್ತರವೂ ಮೂರು ಪಟ್ಟು ಹಿಗ್ಗುತ್ತದೆ. 8.3 ಎಂಬಿ ಆಗಬೇಕಾದದ್ದು 74.6 ಎಂಬಿ. 4 ಪಟ್ಟಿನ ಫೋನಿನಲ್ಲಿ 132 ಎಂಬಿ ದಾಟುತ್ತದೆ. ಹೆಚ್ಚಿನ ಫೋನ್‌ಗಳಲ್ಲಿ ಒಂದು ಬಿಟ್‌ಮ್ಯಾಪ್ ಸ್ಕ್ರೀನ್ ಮೇಲೆ ಮೂಡಿಸುವುದಕ್ಕೆ 100 ಎಂಬಿ ಮಿತಿ ಇದೆ, ಆದ್ದರಿಂದ ಕ್ಯಾನ್ವಾಸ್ "ಟ್ರೈಯಿಂಗ್ ಟು ಡ್ರಾ ಟೂ ಲಾರ್ಜ್ ಬಿಟ್‌ಮ್ಯಾಪ್" ಎಂದು ಎರರ್ ಎಸೆಯುತ್ತದೆ. ದುಬಾರಿ ಫೋನಿನಲ್ಲಿ ಕ್ರ್ಯಾಶ್, ಅಗ್ಗದ ಫೋನಿನಲ್ಲಿ ಸರಿ ಎಂಬ ದೂರು ಬಂದರೆ ಮೊದಲು ಇಲ್ಲಿ ನೋಡಿ.

ಪರಿಹಾರಕ್ಕೆ ಒಂದು ನಿಮಿಷ. ಆ ಚಿತ್ರವನ್ನು ಡ್ರಾಯಬಲ್ ಎಕ್ಸ್‌ಎಕ್ಸ್‌ಎಚ್‌ಡಿಪಿಐ ಫೋಲ್ಡರ್‌ಗೆ ಸರಿಸಿ. ಹಿಗ್ಗಿಸಲೂ ಬೇಡ ಕುಗ್ಗಿಸಲೂ ಬೇಡ ಎನ್ನುವುದಾದರೆ ಡ್ರಾಯಬಲ್ ನೋ-ಡಿಪಿಐ ಫೋಲ್ಡರ್‌ಗೆ. ಐಕಾನ್‌ಗಳನ್ನು ವೆಕ್ಟರ್ ಮಾಡಿ.

ಹೆಜ್ಜೆ 6: ಲೈಬ್ರರಿಗೆ ಕೆಲಸ ಒಪ್ಪಿಸಿ, ಆದರೆ ಸೆಟ್ಟಿಂಗ್ ನೋಡಿ

ಪಟ್ಟಿ, ಗ್ರಿಡ್, ಇಂಟರ್‌ನೆಟ್‌ನಿಂದ ಬರುವ ಚಿತ್ರ, ಇವಕ್ಕೆಲ್ಲ ಸ್ವಂತ ಕೋಡ್ ಬರೆಯುತ್ತಾ ಕೂರಬೇಡಿ. ಗ್ಲೈಡ್ ಅಥವಾ ಕಾಯಿಲ್ ಬಳಸಿ. ಚೌಕದ ಗಾತ್ರ ನೋಡಿ ಡಿಕೋಡ್ ಮಾಡುವುದು, ಮತ್ತೆ ಬೇಕಾದಾಗ ಸಿಗಲೆಂದು ಚಿತ್ರ ಎತ್ತಿಡುವುದು (ಕ್ಯಾಶ್), ಚೌಕ ಮರೆಯಾದರೆ ಕೆಲಸ ನಿಲ್ಲಿಸುವುದು ಎಲ್ಲವನ್ನೂ ಅವು ಮಾಡುತ್ತವೆ. ಹಳೆಯ ಬಿಟ್‌ಮ್ಯಾಪ್‌ನ ಜಾಗವನ್ನೇ ಮತ್ತೆ ಬಳಸುವ ಇನ್‌ಬಿಟ್‌ಮ್ಯಾಪ್ ಎಂಬ ಸೂಕ್ಷ್ಮ ಕೆಲಸವನ್ನೂ ಗ್ಲೈಡ್ ತಾನೇ ನೋಡಿಕೊಳ್ಳುತ್ತದೆ.

ಆದರೆ ಚೌಕದ ಗಾತ್ರ ಅವಕ್ಕೆ ಗೊತ್ತಾಗಬೇಕಲ್ವಾ? ಗ್ಲೈಡ್‌ನಲ್ಲಿ ಇಮೇಜ್‌ವ್ಯೂಗೆ ರ‍್ಯಾಪ್ ಕಂಟೆಂಟ್ ಕೊಟ್ಟರೆ ಅದು ಸ್ಕ್ರೀನ್ ಗಾತ್ರದ ಚಿತ್ರ ಬೇಕೆಂದು ತಿಳಿಯುತ್ತದೆ. ಚಿಕ್ಕ ಥಂಬ್‌ನೇಲ್‌ಗೂ ಸ್ಕ್ರೀನ್ ಅಗಲದ ಬಿಟ್‌ಮ್ಯಾಪ್ ಕೂರುತ್ತದೆ. ಅಳತೆ ಖಚಿತವಾಗಿ ಕೊಡಿ, ಇಲ್ಲವೇ ಓವರ್‌ರೈಡ್‌ನಲ್ಲಿ ಅಗಲ ಎತ್ತರ ಹೇಳಿ. ಕಾಯಿಲ್ ಮತ್ತು ಕಂಪೋಸ್ ಬಳಸುವವರು ಅಸಿಂಕ್‌ಇಮೇಜ್ ಹಿಡಿಯಿರಿ, ಅದಕ್ಕೆ ಜಾಗದ ಅಳತೆ ತಿಳಿಯುತ್ತದೆ. ರಿಮೆಂಬರ್‌ಅಸಿಂಕ್‌ಇಮೇಜ್‌ಪೇಂಟರ್ ಅನ್ನು ಹಾಗೇ ಬಳಸಿದರೆ ಚಿತ್ರ ಮೂಲ ಗಾತ್ರದಲ್ಲೇ ಬರುತ್ತದೆ. ಅದನ್ನೇ ಬಳಸಬೇಕಿದ್ದರೆ ರಿಕ್ವೆಸ್ಟ್‌ನಲ್ಲಿ ಸೈಜ್ ಸೇರಿಸಿ. ನಮ್ಮ ಆ್ಯಪ್‌ನ ಕಾಯಿಲೆಯ ಅರ್ಧ ಭಾಗ ಇದೊಂದು ಸಾಲಿನಲ್ಲಿತ್ತು.

ಇನ್ನು ಕ್ಯಾಶ್. ಗ್ಲೈಡ್ ಡಿಸ್ಕ್‌ನಲ್ಲಿ ಮೊದಲೇ 250 ಎಂಬಿ ಮಿತಿ ಇಟ್ಟುಕೊಂಡಿರುತ್ತದೆ. 16 ಜಿಬಿ ಸ್ಟೋರೇಜ್‌ನ ಫೋನ್ ಬಳಸುವವರಿಗೆ ಅದು ಜಾಸ್ತಿ ಅನಿಸಬಹುದು, ಆ್ಯಪ್‌ಗ್ಲೈಡ್‌ಮಾಡ್ಯೂಲ್‌ನಲ್ಲಿ ಇಳಿಸಿ. ಕಾಯಿಲ್‌ನ ಮೆಮೊರಿ ಕ್ಯಾಶ್ ಮಿತಿಯನ್ನು ಆ್ಯಪ್‌ಗೆ ಸಿಗುವ ಮೆಮೊರಿಯ ಇಷ್ಟು ಪಾಲು ಎಂದು ಇಮೇಜ್‌ಲೋಡರ್‌ನಲ್ಲಿ ಹೇಳಬಹುದು. ಕಡಿಮೆ ರ‍್ಯಾಮ್‌ನ ಫೋನಿಗೆ ನಾನು 15 ಶೇಕಡಾ ಇಡುತ್ತೇನೆ. ಸ್ವಂತ ಎಲ್‌ಆರ್‌ಯು ಕ್ಯಾಶ್ ಬರೆದಿದ್ದರೆ ಸೈಜ್‌ಆಫ್ ಅನ್ನು ಓವರ್‌ರೈಡ್ ಮಾಡಿ ಬೈಟ್ ಲೆಕ್ಕ ಕೊಡಿ. ಕೊಡದಿದ್ದರೆ ಅದು ಚಿತ್ರಗಳ ಸಂಖ್ಯೆ ಎಣಿಸುತ್ತದೆ, ಒಂದು ಐಕಾನ್ ಮತ್ತು ಒಂದು ಪೂರ್ತಿ ಫೋಟೋ ಅದರ ಲೆಕ್ಕದಲ್ಲಿ ಒಂದೇ.

ಮ್ಯಾನಿಫೆಸ್ಟ್‌ನಲ್ಲಿ ಲಾರ್ಜ್‌ಹೀಪ್ ಟ್ರೂ ಮಾಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ಬೇಡ ಎನ್ನಿ. ಆಂಡ್ರಾಯ್ಡ್ 8ರಿಂದ ಪಿಕ್ಸೆಲ್‌ಗಳು ಆ ಹೀಪ್‌ನಲ್ಲೇ ಇಲ್ಲ.

ಆ್ಯಪ್ ಹಿನ್ನೆಲೆಗೆ ಹೋದಾಗ ಆನ್‌ಟ್ರಿಮ್‌ಮೆಮೊರಿ ಕರೆ ಬರುತ್ತದೆ. ಆಗ ಸ್ವಂತ ಕ್ಯಾಶ್ ಖಾಲಿ ಮಾಡಿ. ಆಂಡ್ರಾಯ್ಡ್ 14ರಿಂದ ಯುಐ ಹಿಡನ್ ಮತ್ತು ಬ್ಯಾಕ್‌ಗ್ರೌಂಡ್ ಎಂಬ ಎರಡು ಹಂತ ಮಾತ್ರ ಬರುತ್ತವೆ, ಉಳಿದವನ್ನು ನಂಬಿ ಕೋಡ್ ಬರೆಯಬೇಡಿ.

ಹೆಜ್ಜೆ 7: ಕಳಿಸುವ ಮುಂಚೆ ಚಿಕ್ಕದು ಮಾಡಿ

ತೋಟದಲ್ಲಿ ನೆಟ್‌ವರ್ಕ್ ಒಂದು ಕಡ್ಡಿ ಬಂದರೆ ಅದೃಷ್ಟ. ಅಲ್ಲಿಂದ 12 ಮೆಗಾಪಿಕ್ಸೆಲ್ ಫೋಟೋ ಹಾಗೇ ಕಳಿಸುವುದು ಬಳಸುವವರಿಗೆ ಶಿಕ್ಷೆ. ಉದ್ದದ ಬದಿ 1600 ಪಿಕ್ಸೆಲ್, ಜೆಪಿಇಜಿ ಕ್ವಾಲಿಟಿ 80 ನಮಗೆ ಸಾಕಾಯಿತು, ಕಲೆ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಹಳೆಯ ಫೋನಿನಲ್ಲಿ ಮೊದಲು ಸ್ಯಾಂಪಲ್‌ಸೈಜ್ 2 ಹಾಕಿ 2000 × 1500ಕ್ಕೆ ತನ್ನಿ. ಅದು 12 ಎಂಬಿ. ಆಮೇಲೆ ಕ್ರಿಯೇಟ್‌ಸ್ಕೇಲ್ಡ್‌ಬಿಟ್‌ಮ್ಯಾಪ್‌ನಿಂದ 1600 × 1200 ಮಾಡಿ, ಮೊದಲಿನದಕ್ಕೆ ರಿಸೈಕಲ್ ಕರೆಯಿರಿ. ಸಾಮಾನ್ಯವಾಗಿ ರಿಸೈಕಲ್ ನಾವು ಕರೆಯಬೇಕಿಲ್ಲ, ಆದರೆ ಹೀಗೆ ಮಧ್ಯದಲ್ಲಿ ಹುಟ್ಟಿ ಅಲ್ಲೇ ಮುಗಿಯುವ ಬಿಟ್‌ಮ್ಯಾಪ್‌ಗೆ ಕರೆದರೆ ಒಳ್ಳೆಯದು. ಹತ್ತು ಫೋಟೋ ಆಯ್ಕೆ ಮಾಡಿದ್ದರೆ ಒಂದೊಂದಾಗಿ ಮಾಡಿ ಫೈಲ್‌ಗೆ ಬರೆಯಿರಿ. ಹತ್ತನ್ನೂ ಲಿಸ್ಟ್‌ನಲ್ಲಿ ತುಂಬಿಕೊಂಡು ಕೂರಬೇಡಿ.

ಒಂದು ವಿಷಯ ಮರೆಯಬೇಡಿ. ಬಿಟ್‌ಮ್ಯಾಪ್‌ನಿಂದ ಮತ್ತೆ ಜೆಪಿಇಜಿ ಮಾಡಿದಾಗ ಎಕ್ಸಿಫ್ ಮಾಹಿತಿ ಹೋಗಿಬಿಡುತ್ತದೆ. ಜಾಗದ ಗುರುತು, ತೆಗೆದ ಸಮಯ ಎರಡೂ. ಯಾವ ತೋಟದ್ದು, ಯಾವ ದಿನದ್ದು ಎಂದು ತಿಳಿಯಬೇಕಿದ್ದರೆ ಮೂಲ ಫೈಲ್‌ನಿಂದ ಓದಿ ಹೊಸ ಫೈಲ್‌ಗೆ ನೀವೇ ಬರೆಯಬೇಕು. ಜಾಗ ಬೇಡವಾದ ಆ್ಯಪ್‌ಗೆ ಅದು ಅಳಿಸಿಹೋಗುವುದೇ ಬಳಸುವವರ ಖಾಸಗಿತನಕ್ಕೆ ಒಳ್ಳೆಯದು.

ತುಂಬ ದೊಡ್ಡ ಚಿತ್ರ ಇದ್ದರೆ

ಸ್ಕ್ಯಾನ್ ಮಾಡಿದ ಗ್ರಾಮ ನಕ್ಷೆಯಂಥದ್ದು 10000 × 8000 ಇದ್ದರೆ ಪೂರ್ತಿ ಡಿಕೋಡ್‌ಗೆ 320 ಎಂಬಿ ಬೇಕು. ಚಿಕ್ಕದು ಮಾಡಿದರೆ ಸರ್ವೆ ನಂಬರ್ ಓದಲು ಆಗದು. ಇದಕ್ಕೆ ಬಿಟ್‌ಮ್ಯಾಪ್‌ರೀಜನ್‌ಡಿಕೋಡರ್ ಇದೆ. ಕಣ್ಣಿಗೆ ಕಾಣುವ ಆಯತವನ್ನು ಮಾತ್ರ ಡಿಕೋಡ್ ಮಾಡುತ್ತದೆ. ಸಬ್‌ಸ್ಯಾಂಪ್ಲಿಂಗ್ ಸ್ಕೇಲ್ ಇಮೇಜ್ ವ್ಯೂ ಎಂಬ ಲೈಬ್ರರಿ ಇದನ್ನೇ ಬಳಸಿ ಹಿಗ್ಗಿಸಿ ನೋಡುವ ಸೌಕರ್ಯ ಕೊಡುತ್ತದೆ.

ಫ್ಲಟರ್, ಐಫೋನ್

ಫ್ಲಟರ್‌ನಲ್ಲಿ ಇಮೇಜ್ ವಿಜೆಟ್‌ಗೆ ವಿಡ್ತ್, ಹೈಟ್ ಕೊಟ್ಟರೆ ಅದು ತೋರಿಸುವ ಅಳತೆ ಮಾತ್ರ. ಡಿಕೋಡ್ ಅಳತೆಗೆ ಕ್ಯಾಶ್‌ವಿಡ್ತ್ ಅಥವಾ ಕ್ಯಾಶ್‌ಹೈಟ್ ಕೊಡಬೇಕು. ಒಂದು ಸಾಕು, ಅನುಪಾತ ತಾನೇ ಉಳಿಯುತ್ತದೆ. ಅದನ್ನು ಡಿವೈಸ್‌ಪಿಕ್ಸೆಲ್‌ರೇಶಿಯೋದಿಂದ ಗುಣಿಸಿ ಕೊಡಿ, ಇಲ್ಲದಿದ್ದರೆ ಚಿತ್ರ ಮಸುಕಾಗುತ್ತದೆ. ಅದರ ಇಮೇಜ್‌ಕ್ಯಾಶ್ ಮೊದಲೇ 1000 ಚಿತ್ರ ಅಥವಾ 100 ಎಂಬಿ ಎಂಬ ಮಿತಿಯಲ್ಲಿರುತ್ತದೆ, ಕಡಿಮೆ ರ‍್ಯಾಮ್‌ನ ಫೋನಿಗೆ ಇಳಿಸಬಹುದು. ಡೀಬಗ್‌ಇನ್ವರ್ಟ್‌ಓವರ್‌ಸೈಜ್ಡ್‌ಇಮೇಜಸ್ ಅನ್ನು ಟ್ರೂ ಮಾಡಿ ಒಮ್ಮೆ ಆ್ಯಪ್ ಓಡಿಸಿ. ಅಗತ್ಯಕ್ಕಿಂತ ದೊಡ್ಡದಾಗಿ ಡಿಕೋಡ್ ಆದ ಚಿತ್ರಗಳೆಲ್ಲ ಬಣ್ಣ ತಿರುಗಿ, ತಲೆಕೆಳಗಾಗಿ ಕಾಣುತ್ತವೆ. ಇಂಥ ಸೌಕರ್ಯ ಆಂಡ್ರಾಯ್ಡ್‌ನಲ್ಲೂ ಇದ್ದಿದ್ದರೆ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಐಫೋನಿನಲ್ಲೂ ಗುಣಾಕಾರ ಅದೇ. ಯುಐಇಮೇಜ್ ಆಗಿ ಪೂರ್ತಿ ತೆರೆದು ಆಮೇಲೆ ಕುಗ್ಗಿಸುವ ಬದಲು ಇಮೇಜ್‌ಐಓದ ಥಂಬ್‌ನೇಲ್ ಫಂಕ್ಷನ್‌ಗೆ ಗರಿಷ್ಠ ಪಿಕ್ಸೆಲ್ ಅಳತೆ ಕೊಟ್ಟು ತೆರೆಯಿರಿ.

ಕೊನೆಯ ಹೆಜ್ಜೆ: ಅಗ್ಗದ ಫೋನಿನಲ್ಲಿ ಪರೀಕ್ಷೆ

ಎಮ್ಯುಲೇಟರ್ ಸಾಲದು. 2 ಜಿಬಿ ರ‍್ಯಾಮ್‌ನ ಹಳೆಯ ಫೋನ್ ಒಂದನ್ನು ಹುಡುಕಿ. ಮನೆಯಲ್ಲಿ ಯಾರದ್ದೋ ಡ್ರಾಯರ್‌ನಲ್ಲಿ ಇದ್ದೇ ಇರುತ್ತದೆ. ಅದರ ಕ್ಯಾಮೆರಾದಿಂದಲೇ ತೆಗೆದ 100 ಫೋಟೋ ತುಂಬಿ. ಪಟ್ಟಿಯನ್ನು ಮೇಲಿಂದ ಕೆಳಗೆ ಜೋರಾಗಿ ಮೂರು ಸಲ ಸ್ಕ್ರೋಲ್ ಮಾಡಿ, ಪ್ರತಿ ಸಲವೂ ಮೆಮ್‌ಇನ್ಫೋ ಬರೆದುಕೊಳ್ಳಿ. ಮೊದಲ ಸಲ ಅಂಕಿ ಏರುವುದು ಸಹಜ, ಕ್ಯಾಶ್ ತುಂಬುತ್ತಿರುತ್ತದೆ. ಎರಡನೇ ಮೂರನೇ ಸಲ ಅಲ್ಲೇ ನಿಲ್ಲಬೇಕು. ಮತ್ತೆ ಮತ್ತೆ ಏರುತ್ತಿದ್ದರೆ ಯಾರೋ ಬಿಟ್‌ಮ್ಯಾಪ್ ಹಿಡಿದುಕೊಂಡು ಕೂತಿದ್ದಾರೆ.

ಯಾರು ಎಂದು ಹುಡುಕಲು ಫೋನನ್ನು ಅಡ್ಡ, ಉದ್ದ ಹತ್ತು ಸಲ ತಿರುಗಿಸಿ. ನಂತರ ಮೆಮ್‌ಇನ್ಫೋದ ಕೊನೆಗೆ ಆಬ್ಜೆಕ್ಟ್ಸ್ ಎಂಬ ಭಾಗದಲ್ಲಿ ಆ್ಯಕ್ಟಿವಿಟೀಸ್ ಎದುರಿನ ಅಂಕಿ ನೋಡಿ. ಸ್ವಲ್ಪ ಹೊತ್ತು ಬಿಟ್ಟು, ಪ್ರೊಫೈಲರ್‌ನಲ್ಲಿ ಜಿಸಿ (ಬೇಡದ ಮೆಮೊರಿ ತೆರವು ಮಾಡುವ ಗುಂಡಿ) ಒತ್ತಿದ ಮೇಲೂ ಅದು 1ಕ್ಕೆ ಇಳಿಯದೆ 8, 10 ಎಂದಿದ್ದರೆ ಹಳೆಯ ಸ್ಕ್ರೀನ್‌ಗಳು ತಮ್ಮ ಫೋಟೋಗಳ ಸಮೇತ ಇನ್ನೂ ಬದುಕಿವೆ. ನಮ್ಮಲ್ಲಿ ಅದು 11 ಇತ್ತು. ಕಂಪ್ಯಾನಿಯನ್ ಆಬ್ಜೆಕ್ಟ್‌ನಲ್ಲಿ ಇಟ್ಟಿದ್ದ ಒಂದು ಲಿಸನರ್ ಕಾರಣ. ಅದನ್ನು ಆನ್‌ಡೆಸ್ಟ್ರಾಯ್‌ನಲ್ಲಿ ನಲ್ ಮಾಡಿದ ಮೇಲೆ 1ಕ್ಕೆ ಬಂತು. ಆ ಬಿಲ್ಡ್ ಅನ್ನು ತೀರ್ಥಹಳ್ಳಿಗೆ ಕಳಿಸಿದೆ, ಮರುದಿನ ಮಧ್ಯಾಹ್ನದೊಳಗೆ ಅಲ್ಲಿಂದ 34 ಫೋಟೋ ಬಂದಿದ್ದವು.